ಬಳಗವಲ್ಲದ ದುಭಾಷಿ ಬೇಕಾಗಿದ್ದಾರೆ

ಲಕ್ಷ್ಮೇಶ್ವರ, ಹೊರಡುವಾಗ

ನಾನು ಬಳೆ ಅಂಗಡಿಯವಳು. ಎದುರಿಗೆ ಕುಳಿತವಳ ಕೈ ಹಿಡಿದು ಒಂದು ಡಜನ್ ಬಳೆ ಇಡಿಸುವಷ್ಟರಲ್ಲಿ ಆಕೆಯ ತವರು ಯಾವುದು, ಕೊಟ್ಟ ಮನೆ ಯಾವುದು, ಅತ್ತೆ ಎಂಥವಳು ಎಂಬುದೆಲ್ಲ ನನಗೆ ತಿಳಿದಿರುತ್ತದೆ. ಇದು ಚಾಳಿ ಎಂದು ನನ್ನ ಗಂಡ ಆಡಿಕೊಳ್ಳುತ್ತಾರೆ. ಚಾಳಿಯಲ್ಲ, ಕಸುಬು. ಮಾತು ನಿಂತರೆ ಹೆಂಗಸರ ಕೈ ಬಿಗಿಯುತ್ತದೆ, ಕೈ ಬಿಗಿದರೆ ಬಳೆ ಒಡೆಯುತ್ತದೆ. ನಮ್ಮಪ್ಪ ಬಳೆಯ ಮಲಾರ ಹೆಗಲಿಗೇರಿಸಿಕೊಂಡು ಶಿರಹಟ್ಟಿ, ಮಾಗಡಿ, ಮುಂಡರಗಿ ಕಡೆಯ ಹಳ್ಳಿಗಳನ್ನು ಸುತ್ತುತ್ತಿದ್ದ ಕಾಲದಿಂದ ನಮ್ಮ ಮನೆಯ ಪದ್ಧತಿ ಒಂದೇ. ಮೊದಲು ಊರು ಕೇಳಬೇಕು, ಆಮೇಲೆ ಬಳಗ ಹುಡುಕಬೇಕು, ಕೊನೆಗೆ ಅಳತೆ ನೋಡಬೇಕು.

ಇಂಥ ನನ್ನನ್ನು ಕೂರಿಸಿಕೊಂಡು, "ದಯವಿಟ್ಟು ಯಾರನ್ನೂ ಊರು ಕೇಳಬೇಡಿ" ಎಂದು ಕೈಮುಗಿದ ದೇಶ ಒಂದಿದೆ. ಅದು ಐರ್ಲೆಂಡ್.

ನನ್ನ ತಂಗಿ ಶಮೀಮ ಅಲ್ಲಿ ನರ್ಸ್. ಆಕೆಯ ಎರಡನೇ ಬಾಣಂತನಕ್ಕೆ ಅಮ್ಮ ಹೋಗಬೇಕಿತ್ತು. ವಿಮಾನದಲ್ಲಿ ಕಿಟಕಿ ತೆರೆಯುವುದಿಲ್ಲ ಎಂದು ಯಾರೋ ಹೇಳಿದ್ದೇ ತಡ, ಅಮ್ಮನಿಗೆ ಮಂಡಿನೋವು ಶುರುವಾಯಿತು. ಹಾಗಾಗಿ ನಾನು ಹೊರಟೆ. ಅಂಗಡಿಯ ಬೀಗದ ಕೈಯನ್ನು ಗಂಡನಿಗೆ ಕೊಟ್ಟು, "ಬಂದವರನ್ನು ಊರು ಕೇಳಿ, ಸುಮ್ಮನೆ ಮೂಗರ ಹಾಗೆ ಬಳೆ ಇಡಿಸಬೇಡಿ" ಎಂದು ಹತ್ತು ಸಲ ಹೇಳಿದೆ.

ತಂಗಿಯ ಊರು

ತಂಗಿಗೆಂದು ಗಾಜಿನ ಬಳೆಗಳನ್ನು ಕಟಕ್ ರೊಟ್ಟಿಯ ನಡುವೆ ಇಟ್ಟು ಕಟ್ಟಿದ್ದೆ. ರೊಟ್ಟಿ ಗಟ್ಟಿ, ಬಳೆ ನಾಜೂಕು ಎಂಬುದು ನನ್ನ ಲೆಕ್ಕ. ಮನೆಗೆ ಹೋಗಿ ಗಂಟು ಬಿಚ್ಚಿದರೆ ರೊಟ್ಟಿಯೆಲ್ಲ ಪುಡಿ, ಬಳೆ ಒಂದೂ ಸೀಳಿರಲಿಲ್ಲ. ಶಮೀಮ ಆ ಪುಡಿಯನ್ನೇ ಮೊಸರಿಗೆ ಕಲಸಿಕೊಂಡು, ಬಾಣಂತಿಯ ಪಥ್ಯ ಗಿಥ್ಯ ಎಲ್ಲ ಮರೆತು, ಬಟ್ಟಲು ತುಂಬ ತಿಂದಳು.

ಅದೊಂದು ಸಣ್ಣ ಊರು. ಮಳೆ ಬರುತ್ತದೆ, ನಿಲ್ಲುತ್ತದೆ, ಮರೆತುಹೋಯಿತೆನ್ನುವಂತೆ ಮತ್ತೆ ಬರುತ್ತದೆ. ಜನ ಅದರ ಬಗ್ಗೆ ದಿನವಿಡೀ ಮಾತಾಡುತ್ತಾರೆ, ಬೈಯುವುದಿಲ್ಲ. ಬಸ್ಸಿನಿಂದ ಇಳಿಯುವಾಗ ಪ್ರತಿಯೊಬ್ಬರೂ ಡ್ರೈವರನಿಗೆ ಉಪಕಾರ ಹೇಳಿ ಇಳಿಯುತ್ತಾರೆ. ನಮ್ಮ ಗದಗ ಬಸ್ಸಿನಲ್ಲಿ ಹೀಗೆ ಮಾಡಿದರೆ ಡ್ರೈವರ್ ಹೆದರಿ ಬ್ರೇಕು ಪರೀಕ್ಷಿಸಿಯಾನು. ಹೌದು ಎನ್ನಬೇಕಾದಾಗ ಕೆಲವರು ಉಸಿರನ್ನು ಒಳಗೆಳೆದುಕೊಂಡು ಹೌದೆನ್ನುತ್ತಾರೆ. ಮೊದಮೊದಲು ನಾನು ಇವರಿಗೇನೋ ಚುಚ್ಚಿತು ಎಂದುಕೊಳ್ಳುತ್ತಿದ್ದೆ.

ಆದರೆ ಚಹಾದ ವಿಷಯದಲ್ಲಿ ಅವರು ನಮ್ಮವರೇ. "ಚಹಾ ತಗೊಳ್ಳಿ" ಎಂದರೆ ಬೇಡ ಎನ್ನುತ್ತಾರೆ. ಮತ್ತೆ ಕೇಳಿದರೆ ತೊಂದರೆ ಯಾಕೆ ಎನ್ನುತ್ತಾರೆ. ಮೂರನೇ ಸಲ ಕೇಳಿದರೆ ಎರಡು ಕಪ್ ಕುಡಿಯುತ್ತಾರೆ. ಇದನ್ನು ಕಂಡ ದಿನ ನನಗೆ ಜೀವ ಬಂತು. ಈ ಮಂದಿಯ ಜೊತೆ ಬಾಳ್ವೆ ಮಾಡಬಹುದು ಅನಿಸಿತು.

ಪಕ್ಕದ ಮನೆಯ ಮೇವ್ ಅಂಚೆ ಕಚೇರಿಯಿಂದ ನಿವೃತ್ತರಾದವರು, ಎಪ್ಪತ್ತರ ಹತ್ತಿರದ ಹೆಂಗಸು. ಒಂದು ದಿನ ಆಕೆಯ ಜೊತೆ ಬಸ್ ಹತ್ತಿದ್ದೆ. ಆಕೆ ಡ್ರೈವರನ ಮುಖ ನೋಡಿ, "ನೀನು ಆ ಸೇತುವೆ ಹತ್ತಿರದವರ ಪೈಕಿಯೇ?" ಎಂದು ಕೇಳಿದರು. ಆತ ಹೌದೆಂದ. ಆತನ ಅಜ್ಜಿಯೂ ಮೇವ್‌ಳ ಚಿಕ್ಕಮ್ಮನೂ ಒಂದೇ ಮನೆಯ ಸೊಸೆಯಂದಿರೆಂದು ಗೊತ್ತಾಗುವ ತನಕ ಬಸ್ ಹೊರಡಲಿಲ್ಲ. ಹಿಂದೆ ಕುಳಿತವರಲ್ಲಿ ಒಬ್ಬರೂ ಕೂಗಾಡಲಿಲ್ಲ. ನಾನು ಸೀಟಿನಲ್ಲಿ ಕುಳಿತೇ ಆಕೆಗೆ ಮನಸ್ಸಿನಲ್ಲಿ ನಮಸ್ಕಾರ ಮಾಡಿದೆ.

ಬುಧವಾರ, ಗ್ರಂಥಾಲಯ

ಪ್ರತಿ ಬುಧವಾರ ಊರ ಗ್ರಂಥಾಲಯದ ಒಂದು ಕೋಣೆಯಲ್ಲಿ ಮೇವ್ ಹೆಂಗಸರನ್ನು ಸೇರಿಸುತ್ತಾರೆ. ಉಣ್ಣೆ ಹೆಣೆಯುವುದು ನೆಪ, ಮಾತು ಮುಖ್ಯ. ಊರಾಚೆಯ ಹಳೆಯ ಹೋಟೆಲೊಂದರಲ್ಲಿ ಬೇರೆ ಬೇರೆ ದೇಶದಿಂದ ಆಶ್ರಯ ಕೇಳಿ ಬಂದವರನ್ನು ಇರಿಸಿದ್ದರು. ಅವರೂ ಬರುತ್ತಿದ್ದರು. ಮೇವ್ ನನ್ನನ್ನು ಎಳೆದುಕೊಂಡು ಹೋಗಿ, "ನಿನ್ನ ದೇಶದವಳು ಒಬ್ಬಳಿದ್ದಾಳೆ. ಯಾರ ಜೊತೆಗೂ ಮಾತಾಡುವುದಿಲ್ಲ" ಎಂದರು.

ಮೂಲೆಯಲ್ಲಿ ದಪ್ಪ ಕೋಟು ಹಾಕಿಕೊಂಡು ಒಬ್ಬಳು ಕುಳಿತಿದ್ದಳು. ಕೂತ ರೀತಿಯಲ್ಲೇ, ಒಂದು ಮಂಡಿ ಎತ್ತಿ ಅದರ ಮೇಲೆ ಕೈಯಿಟ್ಟ ರೀತಿಯಲ್ಲೇ, ನನಗೆ ಅನುಮಾನ ಬಂತು. ಹತ್ತಿರ ಹೋಗಿ ಕೇಳಿದೆ.

"ಯಾವೂರವ್ವಾ?"

ಆಕೆ ಬೆಚ್ಚಿ ನನ್ನ ಮುಖ ನೋಡಿದಳು. ಆಮೇಲೆ ಬಂತು ನೋಡಿ ಮಾತು, ಕಟ್ಟೆ ಒಡೆದ ಹಾಗೆ.

ಹೆಸರು ರೇಣವ್ವ. ಕೊಟ್ಟ ಊರು ಹಿರೇವಡ್ಡಟ್ಟಿ, ತವರು ಮಾಗಡಿ. ಇಲ್ಲಿಯೇ ಒಂದು ಮಾತು ಹೇಳಿಬಿಡುತ್ತೇನೆ. ಈ ಬರಹದಲ್ಲಿ ಆಕೆಯ ಹೆಸರನ್ನೂ ಊರುಗಳನ್ನೂ ಬೇಕೆಂದೇ ಅದಲುಬದಲು ಮಾಡಿದ್ದೇನೆ. ಆಕೆಯನ್ನು ಕೇಳಿಯೇ ಬರೆದಿದ್ದೇನೆ. ಹುಡುಕುತ್ತ ಹೋದವರಿಗೆ ಬಿಸಿಲು ಮಾತ್ರ ಸಿಗುತ್ತದೆ.

ಮಾಗಡಿ ಎಂದೊಡನೆ ನಾನು ಸುಮ್ಮನಿರಲು ಸಾಧ್ಯವೇ? "ಮಾಗಡ್ಯಾಗ ಯಾರ ಮನಿ?" ಎಂದೆ. "ಕೆರಿ ದಂಡ್ಯಾಗಿನ ಓಣಿರಿ. ಫಕೀರವ್ವನ ಮಗಳು" ಎಂದಳು. ಫಕೀರವ್ವ. ಆ ಓಣಿಯಲ್ಲಿ ನಮ್ಮಪ್ಪ ಮಲಾರ ಇಳಿಸುತ್ತಿದ್ದುದೇ ಅವರ ಕಟ್ಟೆಯ ಮೇಲೆ. ಫಕೀರವ್ವ ಅವರನ್ನು ಕಾಕಾ ಎನ್ನುತ್ತಿದ್ದಳು. ಈಗಲೂ ಸಂತೆಗೆ ಬಂದರೆ ನಮ್ಮ ಅಂಗಡಿಗೆ ಬಾರದೆ ಹೋಗುವುದಿಲ್ಲ.

"ಹಾಂಗಾರ ನಿಮ್ಮವ್ವ ನನಗ ಅಕ್ಕ ಆಗಬೇಕು. ನಾ ನಿನಗ ಚಿಗವ್ವ."

"ಚಿಗವ್ವಾ" ಎಂದಳು ರೇಣವ್ವ. ನನ್ನ ಕೈ ಹಿಡಿದುಕೊಂಡು ಅತ್ತಳು, ನಕ್ಕಳು, ಮತ್ತೆ ಅತ್ತಳು. ಆಕೆಯ ಕೈ ಬರಿದಾಗಿತ್ತು, ಒಂದೂ ಬಳೆಯಿರಲಿಲ್ಲ. ಗಂಡ ತೀರಿಕೊಂಡಿದ್ದಾನೆಂದು ಆಕೆ ಹೇಳುವ ಮೊದಲೇ ನನಗೆ ತಿಳಿಯಿತು.

ಗಂಡ ಹೋದ ಮೇಲೆ ಆತನ ಅಣ್ಣ ಒಬ್ಬ ಏಜೆಂಟನ ಜೊತೆ ಸೇರಿ ಈಕೆಯನ್ನು ಗಲ್ಫಿನ ಒಂದು ಮನೆಗೆ ಕೆಲಸಕ್ಕೆ ಕಳಿಸಿದ್ದ. ಪಾಸ್‌ಪೋರ್ಟು ಒಡೆಯನ ಕಪಾಟಿನಲ್ಲಿ, ಈಕೆ ಅಡುಗೆಮನೆಯಲ್ಲಿ. ಪಗಾರವಿಲ್ಲ, ಹೊರಗೆ ಕಾಲಿಡುವಂತಿಲ್ಲ. ಆ ಮನೆಯವರು ರಜೆಗೆಂದು ಐರ್ಲೆಂಡಿಗೆ ಬಂದಾಗ ಮಕ್ಕಳನ್ನು ನೋಡಿಕೊಳ್ಳಲು ಈಕೆಯನ್ನೂ ತಂದರು. ಒಂದು ಬೆಳಿಗ್ಗೆ ಹಾಲು ತರಲು ಹೋದವಳು ನೇರ ಪೊಲೀಸರ ಮುಂದೆ ಹೋಗಿ ನಿಂತಳು. ಏಜೆಂಟನ ಹೆಸರು ಹೇಳಿದಳು. ಅದು ಹೇಗೋ ಊರು ಮುಟ್ಟಿತು. ಇಬ್ಬರು ಮಾಗಡಿಗೆ ಹೋಗಿ ಫಕೀರವ್ವನ ಅಂಗಳದಲ್ಲಿ ನಿಂತು, "ಆಕಿ ಎಲ್ಲಿ ಅದಾಳ ಹೇಳು. ಊರಿಗೆ ಬಂದ್ರ ಉಳಿಸೂದಿಲ್ಲ" ಎಂದು ಹೇಳಿಹೋಗಿದ್ದರು. ಈಕೆ ಎಲ್ಲಿಂದ ಎಂದು ಹೇಳದೆ ಒಮ್ಮೆ ಫೋನ್ ಮಾಡಿದ್ದರಿಂದ ಮಗಳು ಜೀವಂತ ಇದ್ದಾಳೆಂಬುದಷ್ಟೇ ತಾಯಿಗೆ ಗೊತ್ತು. ಎಲ್ಲಿ ಎಂಬುದು ಗೊತ್ತಿಲ್ಲ, ಗೊತ್ತಾಗಲೂಬಾರದು.

ಇಲ್ಲಿ ಇರಲು ಅಪ್ಪಣೆ ಸಿಗಬೇಕಾದರೆ ಡಬ್ಲಿನ್ನಿನ ಕಚೇರಿಯಲ್ಲಿ ಅಧಿಕಾರಿಯ ಮುಂದೆ ಕುಳಿತು ಈ ಕಥೆಯನ್ನೆಲ್ಲ ಹೇಳಬೇಕು. ಒಮ್ಮೆ ಕರೆದಿದ್ದರು. ಭಾರತದವಳೆಂದು ಹಿಂದಿ ದುಭಾಷಿಯನ್ನು ಕೂರಿಸಿದ್ದರು. ಈಕೆ ಮರ್ಯಾದೆಗೆ ಎಲ್ಲದಕ್ಕೂ ಹೂಂ ಹೂಂ ಎಂದಿದ್ದಳು. ನಡುವೆ ವಕೀಲೆಗೆ ಅನುಮಾನ ಬಂದು ನಿಲ್ಲಿಸಿದ್ದರು.

"ಹಿಂದ್ಯಾಗ ನನಗ ಹುಕುಂ ಕೇಳಾಕ ಬರ್ತೈತಿ ಚಿಗವ್ವಾ" ಎಂದಳು ರೇಣವ್ವ. "ಪಾತ್ರಿ ತೊಳಿ, ಕೂಸಿನ್ನ ಎತ್ಕೋ, ಬಾಗಲಾ ಹಾಕು. ಅಷ್ಟ. ನನ್ನ ಸಂಕಟ ಹೇಳಾಕ ಬರೂದಿಲ್ಲ."

ನನಗೆ ಕೂಡಲೇ ಹುರುಪು ಬಂತು. ನಾನಿದ್ದೇನಲ್ಲ. ನನ್ನ ಇಂಗ್ಲಿಷು ಬಳುಕುತ್ತದೆ, ಮುರಿಯುವುದಿಲ್ಲ. ಮುಂದಿನ ಬುಧವಾರ ವಕೀಲೆ ಬಂದರು. ಹೆಸರು ಶಿವಾನ್. ಕೇಳಿದರೆ ನಮ್ಮ ಶಿವಾನಂದನ ತಂಗಿ ಇರಬೇಕು ಅನಿಸುವ ಹೆಸರು, ನೋಡಿದರೆ ಕೆಂಪು ಕೂದಲಿನ ಹುಡುಗಿ. "ನೀವು ಈಕೆಗೆ ಹೇಗೆ ಪರಿಚಯ?" ಎಂದು ಕೇಳಿದರು. ನಾನು ಹೆಮ್ಮೆಯಿಂದ, "ಈಕೆ ನನ್ನ ಅಕ್ಕನ ಮಗಳು" ಎಂದೆ.

ಶಿವಾನ್ ಪೆನ್ನಿನ ಮುಚ್ಚಳ ಹಾಕಿಬಿಟ್ಟರು. ಬಂಧುಗಳು ದುಭಾಷಿ ಆಗುವಂತಿಲ್ಲ. ನಾನು ಗಾಬರಿಯಾಗಿ, ಸ್ವಂತ ಅಕ್ಕನಲ್ಲ, ನಾವು ಮುಸಲ್ಮಾನರು, ಅವರು ಹಿಂದೂಗಳು, ನಮ್ಮಪ್ಪ ಅವರ ಕಟ್ಟೆಯ ಮೇಲೆ ಕುಳಿತು ಬಳೆ ಮಾರುತ್ತಿದ್ದರು ಎಂದು ವಿವರಿಸತೊಡಗಿದೆ. ಹೇಳಿದಷ್ಟೂ ಸಂಬಂಧ ಗಟ್ಟಿಯಾಗುತ್ತ ಹೋಯಿತು. ಮೇವ್ ಚಹಾ ಕಪ್ಪಿನ ಹಿಂದೆ ನಗುತ್ತಿದ್ದರು.

ಡಬ್ಲಿನ್, ಮೊದಲ ಸಲ

ಕಚೇರಿಯವರೇ ಒಬ್ಬ ಕನ್ನಡ ದುಭಾಷಿಯನ್ನು ಹುಡುಕಿದರು. ಮೇವ್, ನಾನು, ರೇಣವ್ವ ಮೂವರೂ ಬಸ್ಸಿನಲ್ಲಿ ಡಬ್ಲಿನ್‌ಗೆ ಹೋದೆವು. ದಾರಿಯಲ್ಲಿ ಹಸಿರು ಹೊಲಗಳಲ್ಲಿ ಕುರಿಗಳು. ಒಂದೊಂದರ ಬೆನ್ನಿಗೂ ನೀಲಿಯದೋ ಕೆಂಪಿನದೋ ಬಣ್ಣ ಬಳಿದಿದ್ದರು. ರೇಣವ್ವ ಕಿಟಕಿಗೆ ಮೂಗು ಒತ್ತಿ, "ಇಲ್ಲಿ ಕುರುಬರ ಹುಡುಗರು ಹಬ್ಬಕ್ಕ ಬಣ್ಣ ಹಚ್ಯಾರೇನ ಚಿಗವ್ವಾ?" ಎಂದಳು. ಯಾರ ಕುರಿ ಯಾವುದು ಎಂದು ಗುರುತಿಗೆ ಹಾಗೆ ಮಾಡುತ್ತಾರಂತೆ.

ಕಚೇರಿಯಲ್ಲಿ ವಕೀಲೆಯೂ ರೇಣವ್ವನೂ ಒಳಗೆ ಹೋದರು. ನಾವಿಬ್ಬರು ಹೊರಗಿನ ಕುರ್ಚಿಗಳಲ್ಲಿ ಕುಳಿತೆವು. ಮಧ್ಯಾಹ್ನದವರೆಗೆ ನಡೆಯುತ್ತದೆ ಎಂದಿದ್ದರು. ಮೇವ್ ಒಂದು ಸಾಲೂ ಹೆಣೆದಿರಲಿಲ್ಲ, ಅಷ್ಟರಲ್ಲಿ ಬಾಗಿಲು ತೆರೆದು ಶಿವಾನ್ ತಲೆಯ ಮೇಲೆ ಕೈಹೊತ್ತು ಬಂದರು. ಹಿಂದೆ ರೇಣವ್ವ. ಆಕೆಯ ಮುಖ ಮಾತ್ರ ದೀಪ ಹಚ್ಚಿದಂತೆ ಬೆಳಗುತ್ತಿತ್ತು.

"ಏನಾತ ರೇಣವ್ವ?"

"ಶುರು ಮಾಡೂಕಿಂತ ಮೊದಲ ಆ ಸಾಹೇಬ್ರು ಹೇಳಿದ್ರು, ಇಬ್ಬರೂ ಒಂದೆರಡು ಮಾತು ಆಡ್ರಿ, ಒಬ್ಬರದು ಒಬ್ಬರಿಗೆ ತಿಳಿತೈತೇನ ನೋಡ್ರಿ ಅಂತ. ದುಭಾಷಿ ಅಂದ್ರ ವಯಸ್ಸಾದವ್ರು ಚಿಗವ್ವಾ, ಸಂಗಪ್ಪ ಅಂತ. 'ಊಟ ಆತೇನವ್ವಾ' ಅಂದ್ರು. ಆ ಮಾತು ಕೇಳಿ ಎಷ್ಟ ವರ್ಷ ಆಗಿತ್ತು. ಆತ್ರಿ ಅಂದೆ. 'ಯಾವೂರು' ಅಂದ್ರು. ಹಿರೇವಡ್ಡಟ್ಟಿರಿ ಅಂದೆ. 'ಖರೆನ? ನಮ್ಮದು ಹಿರೇಹಂದಿಗೋಳ. ನಮ್ಮಕ್ಕನ್ನ ನಿಮ್ಮೂರಿಗೇ ಕೊಟ್ಟೈತಿ' ಅಂದ್ರು. ಯಾರ ಮನಿಗ್ರಿ ಅಂದೆ. ನೋಡಿದ್ರ ನಮ್ಮ ಗ್ವಾಡಿ ಬಾಜೂಕಿನ ಮನಿ. ಅವರಕ್ಕನ್ನ ನಾ ಅತ್ತಿ ಅಂತೀನಿ. ಹಾಂಗಾರ ಇವರು ನನಗ ಮಾವ ಆದ್ರಲ್ಲ. ಅದಕ್ಕ..."

"ಅದಕ್ಕ?"

"ಸ್ಕಾರ್ಫ್ ತಲಿ ಮ್ಯಾಲೆ ಎಳಕೊಂಡು ಕಾಲಿಗೆ ಬಿದ್ದೆ."

ಅಧಿಕಾರಿ ಕುರ್ಚಿಯಿಂದ ಎದ್ದು ನಿಂತು ಏನಾಯಿತು ಎಂದು ಕೇಳಿದರಂತೆ. ಸಂಗಪ್ಪ ಪ್ರಾಮಾಣಿಕ ಮನುಷ್ಯ. "ಈಕೆ ನನಗೆ ಸೊಸೆಯಾಗಬೇಕು" ಎಂದು ಶುದ್ಧ ಇಂಗ್ಲಿಷಿನಲ್ಲಿ ಹೇಳಿದರಂತೆ. ಅಲ್ಲಿಗೆ ಸಂದರ್ಶನ ಮುಗಿಯಿತು.

ಮೇವ್‌ಗೆ ನಾನು ಇದನ್ನು ಹೇಳಿದಾಗ ಆಕೆ ನಗುತ್ತ ನಗುತ್ತ ಕಣ್ಣೊರೆಸಿಕೊಂಡರು. ತಮ್ಮೂರಿನ ಇಬ್ಬರನ್ನು ಆ ಕೋಣೆಯಲ್ಲಿ ಕೂರಿಸಿದ್ದರೂ ಇದೇ ಆಗುತ್ತಿತ್ತು ಎಂದರು. ನಾನೂ ನಕ್ಕೆ. ಶಿವಾನ್ ನಗಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದು, "ಆ ಅಕ್ಕನ ಮನೆ ಗೋಡೆಯ ಈಚೆ, ಈಕೆಯ ಮನೆಯಲ್ಲಿ, ಈಗ ಯಾರಿರುತ್ತಾರೆ, ಕೇಳಿ" ಎಂದರು. ನಾನು ಕೇಳಿದೆ. ರೇಣವ್ವನ ಮುಖದ ಬೆಳಕು ಆರಿಹೋಯಿತು. ಗೋಡೆಯ ಈಚೆ ಇರುವವನು ಆಕೆಯ ಭಾವ. ಏಜೆಂಟನ ಜೊತೆ ಸೇರಿ ಆಕೆಯನ್ನು ಕಳಿಸಿದವನು. ಸಂಗಪ್ಪ ತಮ್ಮ ಅಕ್ಕನಿಗೆ ಫೋನಿನಲ್ಲಿ, "ನಿಮ್ಮ ಬಾಜೂ ಮನಿ ಹುಡುಗಿನ ನೋಡಿದೆ" ಎಂದು ಒಂದು ಮಾತು ಪ್ರೀತಿಯಿಂದ ಹೇಳಿದರೂ ಸಾಕಿತ್ತು.

ಬಳಗ ಹುಡುಕುವುದು ಆಟವೆಂದುಕೊಂಡಿದ್ದವಳು ನಾನು. ನಮ್ಮಲ್ಲಿ ಬಳಗವೆಂದರೆ ಕಷ್ಟಕಾಲಕ್ಕೆ ಆಗುವ ಕೈ. ಅದೇ ಕೈ ಅರಿಯದೆ ಬಾಗಿಲು ತೆಗೆದುಕೊಡಬಹುದು ಎಂದು ನನಗೆ ಹೊಳೆದೇ ಇರಲಿಲ್ಲ.

ಅಷ್ಟರಲ್ಲಿ ಸಂಗಪ್ಪ ಹೊರಗೆ ಬಂದರು. ನಮ್ಮ ಜೊತೆ ಮಾತಾಡುವಂತಿಲ್ಲ ಎಂದು ಅವರಿಗೆ ಗೊತ್ತು. ಗೋಡೆಗೆ ಅಂಟಿಸಿದ್ದ ಬೆಂಕಿ ಹತ್ತಿದಾಗ ಏನು ಮಾಡಬೇಕೆಂಬ ಚಿತ್ರದ ಮುಂದೆ ನಿಂತು, ಆ ಚಿತ್ರಕ್ಕೇ ಹೇಳಿದರು.

"ನಾ ಇವತ್ತ ಈ ಕಚೇರಿಗೆ ಬಂದೇ ಇಲ್ಲ. ಯಾರನ್ನೂ ನೋಡಿಲ್ಲ. ನಮ್ಮಕ್ಕಗೂ ಹೇಳೂದಿಲ್ಲ, ನನ್ನ ಹೇಂತಿಗೂ ಹೇಳೂದಿಲ್ಲ. ದೇವ್ರ ಆಣಿ."

ಹೇಳಿ, ಟೊಪ್ಪಿಗೆ ಹಾಕಿಕೊಂಡು ಹೋದರು. ಅವರು ಕೊಟ್ಟ ಮಾತು ಉಳಿಸಿಕೊಂಡರು ಎಂಬುದನ್ನು ಈಗ ಹೇಳಬಲ್ಲೆ.

ಫೋನಿನಲ್ಲಿ ಊರೂರು

ಶಿವಾನ್ ಇನ್ನೊಂದು ದಿನಾಂಕ ಕೇಳಿ ಪಡೆದರು. ಆದರೆ ಷರತ್ತು ಬಂತು. ಅಷ್ಟರೊಳಗೆ ಯಾವ ಸಂಬಂಧವೂ ಇಲ್ಲದ ಕನ್ನಡ ದುಭಾಷಿ ಸಿಗದಿದ್ದರೆ ಫೋನಿನ ಮೇಲೆ ಹಿಂದಿಯವರನ್ನೇ ಇಟ್ಟು ಮುಗಿಸುವುದು. ರೇಣವ್ವ ಮತ್ತೆ ಹುಕುಮಿನ ಭಾಷೆಯಲ್ಲಿ ಸಂಕಟ ಹೇಳಬೇಕು. ಕಥೆ ಅರ್ಧ ಹೇಳಿದರೆ ಅಪ್ಪಣೆ ಸಿಗುವುದಿಲ್ಲ, ಸಿಗದಿದ್ದರೆ ಊರಿಗೆ ಕಳಿಸುತ್ತಾರೆ.

"ನಿಮಗೆ ಗೊತ್ತಿರುವ ಕನ್ನಡದವರನ್ನು ವಿಚಾರಿಸಿ" ಎಂದರು ಶಿವಾನ್. "ಆದರೆ ಆಕೆಯ ಹೆಸರು ಹೇಳಬೇಡಿ, ಊರು ಹೇಳಬೇಡಿ, ಯಾಕೆಂದು ಹೇಳಬೇಡಿ. ಗದಗ ಕಡೆ ನಂಟಿರುವವರು ಬೇಡ. ಮತ್ತು ದಯವಿಟ್ಟು ಸಂಬಂಧ ಹುಡುಕಬೇಡಿ."

ಮೀನಿಗೆ ಈಜಬೇಡ ಎಂದ ಹಾಗೆ.

ಶಮೀಮ ತನ್ನ ನರ್ಸ್ ಗೆಳತಿಯರ ಮೂಲಕ ಕನ್ನಡದವರ ನಂಬರು ತರಿಸಿದಳು. ನಾನು ಕೂಸನ್ನು ಕಾಲ ಮೇಲೆ ಮಲಗಿಸಿ ಎಣ್ಣೆ ತಿಕ್ಕುತ್ತ ಒಬ್ಬೊಬ್ಬರಿಗೇ ಫೋನ್ ಮಾಡಿದೆ. ನಾನು ಊರು ಕೇಳದಿದ್ದರೇನು, ಅವರು ಬಿಡಬೇಕಲ್ಲ. ಬೆಳಗಾವಿಯ ಡಾಕ್ಟರು "ನಿಮ್ಮದು ಯಾವ ಊರ್ರಿ?" ಎಂದರು. ಲಕ್ಷ್ಮೇಶ್ವರ ಎಂದೆ. ಅವರ ಅತ್ತೆಯ ಮನೆ ಶಿರಹಟ್ಟಿ. ರಾಣೆಬೆನ್ನೂರಿನವನೊಬ್ಬ ನಮ್ಮ ಅಂಗಡಿಯಲ್ಲೇ ತನ್ನ ಮದುವೆಯ ಬಳೆ ಕೊಂಡಿದ್ದ. ಮುಂಡರಗಿಯ ಸೊಸೆಯೊಬ್ಬಳು ಸಿಕ್ಕಾಗ ನಾನು ಬೆಂಕಿ ಮುಟ್ಟಿದವಳ ಹಾಗೆ ಫೋನ್ ಇಟ್ಟೆ. ಮೈಸೂರಿನವರೊಬ್ಬರು ಒಪ್ಪಿದರು, ಆದರೆ ಅದೇ ವಾರ ಅವರು ಊರಿಗೆ ಹೊರಟಿದ್ದರು. ಇಷ್ಟು ದೂರದ ದೇಶದಲ್ಲಿ, ಒಬ್ಬರಿಗೊಬ್ಬರು ಏನೂ ಅಲ್ಲದ ಇಬ್ಬರು ಕನ್ನಡದವರು ಸಿಗುವುದು ಇಷ್ಟು ಕಷ್ಟವೇ ಎಂದು ನನಗೆ ಸಿಟ್ಟೂ ನಗುವೂ ಒಟ್ಟಿಗೇ ಬರುತ್ತಿತ್ತು.

"ಇಡೀ ಗದಗ ಜಿಲ್ಲೆಯೇ ಒಂದು ಮನೆ, ಬಾಗಿಲು ಮಾತ್ರ ಬೇರೆ ಬೇರೆ" ಎಂದಳು ಶಮೀಮ. ನಾವು ಅಕ್ಕತಂಗಿಯರು ಮಾತಾಡುವುದು ಉರ್ದುವಿನಲ್ಲಿ, ಜಗಳ ಕನ್ನಡದಲ್ಲಿ. ಆ ವಾರ ಕನ್ನಡವೇ ಹೆಚ್ಚಾಯಿತು.

ಕೂಸಿಗೆ ಹೆಸರಿಟ್ಟ ದಿನ

ಹೆಸರಿಡುವ ದಿನ ಶಮೀಮ ತನ್ನ ಆಸ್ಪತ್ರೆಯವರನ್ನು ಊಟಕ್ಕೆ ಕರೆದಳು. ನಾನು ಬಿರಿಯಾನಿಯ ಜೊತೆಗೆ ಹಟಕ್ಕೆ ಬಿದ್ದು ಜೋಳದ ರೊಟ್ಟಿಯನ್ನೂ ಬಡಿದೆ. ಮಲಯಾಳಿ ನರ್ಸುಗಳು ರೊಟ್ಟಿಯನ್ನು ಮರ್ಯಾದೆಗೆ ಮುರಿದರು. ಐರಿಷ್ ಡಾಕ್ಟರೊಬ್ಬರು ಅದನ್ನು ತಟ್ಟೆ ಎಂದು ತಿಳಿದು ಅದರ ಮೇಲೆ ಬಿರಿಯಾನಿ ಹಾಕಿಕೊಂಡರು.

ರಕ್ತ ಪರೀಕ್ಷೆಯ ಲ್ಯಾಬಿನ ಸೆಲ್ವಿ ಎಂಬಾಕೆ ಬಂದಿದ್ದರು. ನಲವತ್ತು ದಾಟಿದ, ಹೆಚ್ಚು ಮಾತಿಲ್ಲದ ತಮಿಳು ಹೆಂಗಸು ಎಂದು ಶಮೀಮ ಹೇಳಿದ್ದಳು. ಆಕೆ ರೊಟ್ಟಿಯನ್ನು ಎತ್ತಿಕೊಂಡು ಮೂಸಿ ನೋಡಿ ನನ್ನ ಕಡೆ ತಿರುಗಿ ಕೇಳಿದರು.

"ಶೇಂಗಾ ಚಟ್ನಿ ಇಲ್ಲೇನ್ರಿ? ಬರೇ ರೊಟ್ಟಿ ಹೆಂಗ ತಿನ್ನೂದು?"

ನನ್ನ ಕೈಯಲ್ಲಿದ್ದ ಸೌಟು ಬಿತ್ತು. ಶಮೀಮಳಂತೂ ಇಷ್ಟು ವರ್ಷ ಆಕೆಯ ಜೊತೆ ಇಂಗ್ಲಿಷಿನಲ್ಲೇ ಮಾತಾಡಿದವಳು, ಬಾಯಿ ತೆರೆದು ನಿಂತಳು. ನಾಲಿಗೆಯ ತುದಿಗೆ ಬಂದ "ಯಾವೂರ್ರಿ ನಿಮ್ದು" ಎಂಬುದನ್ನು ನಾನು ಕಷ್ಟಪಟ್ಟು ನುಂಗಿ, ಆಕೆಯನ್ನು ಅಡುಗೆಮನೆಗೆ ಕರೆದುಕೊಂಡು ಹೋದೆ.

"ನಮ್ಮಪ್ಪ ರೈಲ್ವೆದಾಗಿದ್ರು" ಎಂದರು ಸೆಲ್ವಿ. "ಹುಬ್ಬಳ್ಳಿ ಕ್ವಾರ್ಟರ್ಸ್‌ನ್ಯಾಗ ಬೆಳದಾಕಿ ನಾನು. ಶಾಲಿ ಕನ್ನಡ, ಓಣಿ ಕನ್ನಡ. ಮನ್ಯಾಗಷ್ಟ ತಮಿಳು."

"ಗದಗ ಕಡೆ ನಿಮ್ಮ ಬಳಗ ಯಾರರ ಅದಾರೇನ್ರಿ?"

"ಬಳಗ ಎಲ್ಲಿಂದ ಬರಬೇಕ್ರಿ? ನಮ್ಮ ಮಂದಿ ಎಲ್ಲಾ ತಿರುಚ್ಚಿ ಕಡೆ. ಅಪ್ಪ ರಿಟೈರ್ ಆದ ಮ್ಯಾಲೆ ನಾವು ಅಲ್ಲಿಗೇ ಹೋದ್ವಿ. ಸಣ್ಣಾಕಿ ಇದ್ದಾಗ ಗೆಳತ್ಯಾರ ಮನಿಗೆ ಹೋದ್ರ ಅವರಜ್ಜಿ ಕೇಳತಿದ್ರು, 'ಯಾರ ಪೈಕಿ ಬೇ ನೀ?' ರೈಲ್ವೆ ಪೈಕಿ ಅಂತಿದ್ದೆ. ಎಲ್ಲಾರೂ ನಗತಿದ್ರು. ನಾನೂ ನಗತಿದ್ದೆ."

ನಾನು ಆಕೆಯನ್ನು ಗಟ್ಟಿಯಾಗಿ ಅಪ್ಪಿಕೊಂಡೆ. ಬಳಗವಿಲ್ಲ ಎಂದವಳನ್ನು ಅಪ್ಪಿಕೊಂಡು ಸಂಭ್ರಮಪಟ್ಟವಳು ನಮ್ಮ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು. ಆಮೇಲೆ ಆಕೆಯ ಕೊನೆಯ ಮಾತು ನೆನಪಾಗಿ ನಾಚಿಕೆಯಾಯಿತು. ಎಷ್ಟು ಮಂದಿ ರೈಲ್ವೆಯವರು ನಮ್ಮ ಅಂಗಡಿಯ ಮೆಟ್ಟಿಲು ಹತ್ತಿರಲಿಕ್ಕಿಲ್ಲ. ಬಳಗದ ಎಳೆ ಸಿಗದಿದ್ದಾಗ ನಾನು ಮಾತು ನಿಲ್ಲಿಸಿ ಬಳೆ ಇಡಿಸಿ ಕಳಿಸಿದ್ದೇನೆ.

ಇನ್ನೂ ದೊಡ್ಡ ಅದೃಷ್ಟವೆಂದರೆ ಸೆಲ್ವಿ ಆ ಕಚೇರಿಗೆ ಆಗಾಗ ತಮಿಳು ದುಭಾಷಿಯಾಗಿ ಹೋಗುತ್ತಿದ್ದರು. ಕನ್ನಡ ಬರುತ್ತದೆಯೇ ಎಂದು ಅವರನ್ನು ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ನಾನು ಹೆಸರು, ಊರು ಏನನ್ನೂ ಹೇಳದೆ ಶಿವಾನ್‌ಗೆ ಫೋನ್ ಹಚ್ಚಿ ಕೊಟ್ಟೆ. ಶಿವಾನ್ ಎಲ್ಲವನ್ನೂ, ಹೆಸರಿಟ್ಟ ದಿನದ ಊಟವನ್ನೂ ಸೇರಿಸಿ, ಕಚೇರಿಗೆ ತಿಳಿಸಿದರು. ಅವರು ವಿಚಾರಿಸಿ ಒಪ್ಪಿಕೊಂಡರು. ಆದರೆ ಅಂದಿನಿಂದ ನಾನು ಸೆಲ್ವಿಯ ಜೊತೆ ಮಾತಾಡುವಂತಿಲ್ಲ.

ಕೂಸಿನ ಲಸಿಕೆಗೆ ಆಸ್ಪತ್ರೆಗೆ ಹೋದಾಗ ಸೆಲ್ವಿ ಎದುರಿಗೇ ಬಂದರು. ನಾನು ಗೋಡೆಯ ಕಡೆ ತಿರುಗಿ ಕೂಸಿಗೆ ಕಿಟಕಿ ತೋರಿಸಿದೆ. ಅಲ್ಲಿ ಕಿಟಕಿಯೇ ಇರಲಿಲ್ಲ.

ಡಬ್ಲಿನ್, ಎರಡನೇ ಸಲ

ಈ ಸಲ ಬಸ್ಸಿನಲ್ಲಿ ರೇಣವ್ವ ಕುರಿ ನೋಡಲಿಲ್ಲ. "ಊರು ಕೇಳಬ್ಯಾಡ, ಅಕ್ಕಾ ಅನಬ್ಯಾಡ, ಕಾಲಿಗೆ ಬೀಳಬ್ಯಾಡ" ಎಂದು ನಾನು ಪಾಠ ಒಪ್ಪಿಸಿದೆ. "ಮತ್ತ ಏನಂತ ಕರೀಲಿ?" ಎಂದಳು. ಏನೂ ಕರೆಯಬೇಡ ಎಂದೆ. ಏನೂ ಕರೆಯದೆ ಒಬ್ಬರ ಜೊತೆ ಮಾತಾಡುವುದು ಹೇಗೆಂದು ಆಕೆಗೆ ತಿಳಿಯಲಿಲ್ಲ. ನಿಜ ಹೇಳಬೇಕೆಂದರೆ ನನಗೂ ತಿಳಿಯದು.

ಮೇವ್ ಹೆಣೆಯತೊಡಗಿದರು. ಅವರ ಕೈಯಲ್ಲಿದ್ದುದು ನಮ್ಮ ಕೂಸಿನ ಟೊಪ್ಪಿಗೆ, ಸಾಲಿನ ಮೇಲೆ ಸಾಲು ಬೆಳೆಯುತ್ತ ಹೋಯಿತು. ಬಾಗಿಲು ತೆರೆಯಲಿಲ್ಲ. ನಾನು ಮನಸ್ಸಿನಲ್ಲೇ ಕಲ್ಮಾ ಹೇಳಿಕೊಂಡೆ. ಟೊಪ್ಪಿಗೆ ಮುಗಿದು ಒಂದು ಕಾಲುಚೀಲ ಶುರುವಾಯಿತು. ಬಾಗಿಲು ತೆರೆಯಲಿಲ್ಲ. ಬಾಗಿಲು ಮುಚ್ಚಿದ್ದುದಕ್ಕೆ ಅಷ್ಟು ಸಂತೋಷಪಟ್ಟದ್ದು ನನಗೆ ನೆನಪಿಲ್ಲ.

ಕೊನೆಗೆ ರೇಣವ್ವ ಹೊರಗೆ ಬಂದಳು. ಕಣ್ಣು ಊದಿಕೊಂಡಿದ್ದವು, ಭುಜ ಮಾತ್ರ ಹಗುರಾಗಿತ್ತು. ಹೊರಗೆ ಬಂದು ಟ್ರಾಮ್ ನಿಲ್ದಾಣದ ಬೆಂಚಿನ ಮೇಲೆ ಕುಳಿತ ಮೇಲೆ ಮಾತಾಡಿದಳು.

"ಎಲ್ಲಾ ಹೇಳಿದೆ ಚಿಗವ್ವಾ. ಯಾರಿಗೂ ಹೇಳದ್ದು ಹೇಳಿದೆ. ಆಕಿ ನನ್ನ ಊಟ ಆತೇನು ಅಂತ ಸೈತ ಕೇಳಲಿಲ್ಲ. ನನ್ನ ಮಾತು ಆಕಿ ಬಾಯಾಗಿಂದ ಇಂಗ್ಲಿಷ್ ಆಗಿ ಹೊಂಟಿತ್ತು, ಅಷ್ಟ. ನಾ ಅತ್ತಾಗ ಆಕಿ ಅಳಲಿಲ್ಲ. ಚಲೋ ಆತು. ಆಕಿ ಅತ್ತಿದ್ರ ನಾ ಸಮಾಧಾನ ಮಾಡ್ಕೋತ ಕುಂಡ್ರತಿದ್ದೆ, ಕಥಿ ಅಲ್ಲೇ ನಿಲ್ಲತಿತ್ತು."

ಸಂದರ್ಶನದ ಕೊನೆಗೆ ಅಧಿಕಾರಿ ಸೆಲ್ವಿಯನ್ನು ಕೇಳಿದರಂತೆ, ಈಕೆಗೂ ನಿಮಗೂ ಏನಾದರೂ ಸಂಬಂಧವಿದೆಯೇ ಎಂದು. ಇಲ್ಲ ಎಂದು ಹೇಳಿ, ಅದನ್ನೂ ರೇಣವ್ವನಿಗೆ ಕನ್ನಡದಲ್ಲಿ ಹೇಳಿದರಂತೆ. ನಮ್ಮ ಕಡೆ ಎದುರಿಗೆ ಕುಳಿತು ಹಾಗೆ ಹೇಳಿದರೆ ಅದು ಬೈಗುಳ. "ಆಕಿ ಇಲ್ಲ ಅಂದಾಗ ನನಗ ಅಳು ಬಂತು ನೋಡು" ಎಂದಳು ರೇಣವ್ವ. "ನನ್ನ ಸಲುವಾಗಿ ಇಲ್ಲ ಅಂದ್ಲು."

ಅಷ್ಟರಲ್ಲಿ ಸೆಲ್ವಿ ಅದೇ ನಿಲ್ದಾಣಕ್ಕೆ ಬಂದು ನಮ್ಮಿಂದ ದೂರ ನಿಂತರು. ಮಳೆ ಹನಿಯುತ್ತಿತ್ತು. ಅವರ ಬಳಿ ಕೊಡೆ ಇರಲಿಲ್ಲ, ನಮ್ಮ ಬಳಿ ಎರಡಿದ್ದವು. ರೇಣವ್ವ ಏಳಲು ಹೋದಳು. ಮೇವ್ ಆಕೆಯ ತೋಳು ಹಿಡಿದು, ತಾವೇ ಹೋಗಿ, ಹವಾಮಾನದ ಬಗ್ಗೆ ಏನೋ ಹೇಳಿ, ಯಾರೋ ದಾರಿಹೋಕರಿಗೆ ಕೊಟ್ಟ ಹಾಗೆ ಕೊಡೆ ಕೊಟ್ಟು ಬಂದರು. ಸೆಲ್ವಿ ಕೊಡೆ ಬಿಚ್ಚಿದರು. ನಮ್ಮ ಕಡೆ ನೋಡಲಿಲ್ಲ. ಅವರ ಟ್ರಾಮ್ ಮೊದಲು ಬಂತು.

ಮತ್ತೆ ಲಕ್ಷ್ಮೇಶ್ವರ

ನಾನು ವಾಪಸ್ಸು ಬಂದು ಅಂಗಡಿಯಲ್ಲಿ ಗಂಡ ಅದಲುಬದಲು ಮಾಡಿದ್ದ ಡಬ್ಬಿಗಳನ್ನು ಸರಿಪಡಿಸುವುದರಲ್ಲೇ ತಿಂಗಳುಗಳು ಹೋದವು. ಪ್ರವಾಸದ ಕಥೆ ಕೇಳಿದವರಿಗೆಲ್ಲ ಮಳೆ, ಕುರಿ, ಚಹಾ ಹೇಳಿದೆ. ಹೊಟ್ಟೆಯಲ್ಲಿ ಮಾತು ನಿಲ್ಲದವಳು ಎಂದು ಹೆಸರಾದ ನಾನು ರೇಣವ್ವನ ಸುದ್ದಿಯನ್ನು ಗಂಡನಿಗೂ ಹೇಳಲಿಲ್ಲ.

ಒಂದು ಮಧ್ಯಾಹ್ನ ಫೋನ್ ಬಂತು.

"ಚಿಗವ್ವಾ, ಆತು" ಎಂದಳು ರೇಣವ್ವ. "ಇರು ಅಂದಾರ."

ನಾನು ಅಂಗಡಿಯ ಹಿಂದಿನ ಕೋಣೆಗೆ ಹೋಗಿ ಕುಳಿತುಬಿಟ್ಟೆ. ಕುಣಿಯಬೇಕು ಅನಿಸಿತು, ಮಂಡಿ ಕೇಳಲಿಲ್ಲ. ಆಕೆ ಒಂದು ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸಕ್ಕೆ ಸೇರುತ್ತಾಳಂತೆ. ಈ ಅಡುಗೆಮನೆಗೆ ಬಾಗಿಲಿದೆ, ಸಂಜೆ ಆಕೆಯೇ ಅದನ್ನು ತೆಗೆದುಕೊಂಡು ಹೊರಗೆ ಬರಬಹುದು. ಕೇಸು ಮುಗಿದ ಮೇಲೆ ಮಾತಾಡಬಹುದೆಂದು ಶಿವಾನ್ ಹೇಳಿದ್ದರಿಂದ, "ಸೆಲ್ವಿ ಅಕ್ಕಾರು ಐತವಾರ ರೊಟ್ಟಿ ತಿನ್ನಾಕ ಬರ್ತೀನಿ ಅಂದಾರ" ಎಂದೂ ಹೇಳಿದಳು. ಆಮೇಲೆ ದನಿ ತಗ್ಗಿಸಿದಳು.

"ಅವ್ವಗ ನೀನ ಹೇಳು. ಫೋನಿನ್ಯಾಗ ಬ್ಯಾಡ. ಕೈಯಾಗ ಕೈ ಇಟ್ಟು ಹೇಳು."

ಸಂತೆಯ ದಿನ ಫಕೀರವ್ವ ಬಂದಳು. ಅಂಗಡಿ ತುಂಬಿತ್ತು. ಒಂದು ಮದುವೆಯ ಗುಂಪು ಬಂದಿತ್ತು, ಅದರಲ್ಲಿ ರೇಣವ್ವನನ್ನು ಕೊಟ್ಟ ಊರಾದ ಹಿರೇವಡ್ಡಟ್ಟಿಯ ಇಬ್ಬರು ಹೆಂಗಸರೂ ಇದ್ದರು. ಫಕೀರವ್ವ ಅವರನ್ನು ನೋಡಿದಳು, ಅವರು ಇವಳನ್ನು ನೋಡಿದರು. ನಾನು ಆಕೆಯನ್ನು ಎದುರಿಗೆ ಕೂರಿಸಿ ಕೈ ಹಿಡಿದುಕೊಂಡೆ. ದುಡಿದ ಕೈ, ಗೆಣ್ಣು ದಪ್ಪ, ಯಾವಾಗಲೂ ಬಳೆ ಏರಿಸುವುದು ಕಷ್ಟ. ಮಗಳು ಎಲ್ಲಿದ್ದಾಳೆಂದು ತಿಳಿಯದ ಆ ಒಂದು ವರ್ಷದಲ್ಲಂತೂ ಅದು ಕಟ್ಟಿಗೆಯಂತೆ ಬಿಗಿದಿರುತ್ತಿತ್ತು. ಬಳೆಯನ್ನು ಗೆಣ್ಣಿನವರೆಗೆ ತಂದು, ಅಳತೆ ನೋಡುವವಳ ಹಾಗೆ ತಲೆ ಬಗ್ಗಿಸಿ, ಆಕೆಯ ಕಿವಿಯ ಹತ್ತಿರ ಹೇಳಿದೆ.

"ಯಕ್ಕಾ, ನಿನ್ನ ಮಗಳನ್ನ ಕಂಡು ಬಂದೀನಿ. ಆತು. ಅಲ್ಲೇ ಇರು ಅಂದಾರ. ಇನ್ನ ಯಾರೂ ಮುಟ್ಟೂದಿಲ್ಲ."

ಫಕೀರವ್ವ ಅಳಲಿಲ್ಲ, ತಲೆಯೆತ್ತಲಿಲ್ಲ. ಆಕೆಯ ಕೈ ಮಾತ್ರ ನನ್ನ ಕೈಯೊಳಗೆ ಸಡಿಲವಾಯಿತು, ಬಳೆ ತಾನಾಗಿ ಗೆಣ್ಣು ದಾಟಿ ಒಳಗೆ ಹೋಯಿತು. ಒಂದರ ಹಿಂದೊಂದು ಎಲ್ಲವೂ ಹೋದವು. ಆಮೇಲೆ ಆಕೆ ಎಲ್ಲರಿಗೂ ಕೇಳುವಂತೆ ಹೇಳಿದಳು.

"ಹಸರ ಬಳಿ ಇನ್ನೊಂದು ಡಜನ್ ಕಟ್ಟಿ ಕೊಡವ್ವಾ. ನನ್ನ ಅಳತಿ ಅಲ್ಲ. ಅಳತಿ ನಿನಗ ಗೊತ್ತೈತಿ."

ಗಂಡ ಹೋದ ಮಗಳ ಕೈಗೆ ಹಸಿರು ಬಳೆ ಕೇಳಿದ ತಾಯಿಯನ್ನು ನಮ್ಮ ಅಂಗಡಿಯಲ್ಲಿ ನಾನು ಅದೇ ಮೊದಲು ಕಂಡದ್ದು. ಹಿರೇವಡ್ಡಟ್ಟಿಯ ಹೆಂಗಸರಲ್ಲಿ ಒಬ್ಬಳು ಕತ್ತು ಚಾಚಿದಳು.

"ಯಾರಿಗೆ ಬೇ ಯಕ್ಕಾ?"

"ಬಳಗದಾಗ ಒಬ್ಬಾಕಿಗೆ" ಎಂದಳು ಫಕೀರವ್ವ.

ನಾನು ಎದ್ದು ಒಳಗಿನ ಕಪಾಟಿನಿಂದ ಎಲ್ಲಕ್ಕಿಂತ ಚೆನ್ನಾದ ಹಸಿರು ಬಳೆಗಳ ಡಬ್ಬಿ ತೆಗೆದೆ.